ಲಾವಣಿಗೆ ಹೋದ ಹೊಲ, ಕೈಗೆ ಬಂದ ಎಂಬಿಎ

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದಾಗ ನನ್ನ ಕೈಯಲ್ಲಿ ಒಂದು ಸೂಟ್‌ಕೇಸು, ಹೆಗಲಿಗೆ ಲ್ಯಾಪ್‌ಟಾಪಿನ ಬ್ಯಾಗು. ಬ್ಯಾಗು ಖಾಲಿ. ಲ್ಯಾಪ್‌ಟಾಪನ್ನು ಕಂಪನಿಯವರು ಹೈದರಾಬಾದಿನಲ್ಲೇ ಇಸಿದುಕೊಂಡಿದ್ದರು.

ಕರೆದೊಯ್ಯಲು ಬಂದಿದ್ದ ಅಪ್ಪ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡು, "ಇಷ್ಟ್ ಹಗುರ ಐತಲ್ಲ?" ಅಂದ.

"ನೌಕ್ರಿ ಹೋತಪ್ಪ."

ಅಪ್ಪ ಸೂಟ್‌ಕೇಸನ್ನೂ ಇಸಿದುಕೊಂಡು ಬಸ್ಸಿನ ಕಡೆ ನಡೆದ. ಶಹಾಪುರದ ಬಸ್ಸು ಭೀಮಾ ನದಿಯ ಸೇತುವೆ ದಾಟಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ: "ಹಂಗಾರ ಹೊಲ?"

ಹೊಲ ಅಂದರೆ ದೋರನಹಳ್ಳಿಯ ಆಚೆ, ಕೆನಾಲಿನ ಕೆಳಗಿನ ನಮ್ಮ ಎರಡು ಎಕರೆ. ಸರಕಾರ ಅಜ್ಜನಿಗೆ ಕೊಟ್ಟದ್ದು, ಮಾರುವಂತಿಲ್ಲ. ನನ್ನನ್ನು ಎಂಬಿಎಗೆ ಸೇರಿಸುವಾಗ ಫೀಸಿಗೆ ಬ್ಯಾಂಕು ಸಾಲ ಕೊಟ್ಟಿತು. ಹಾಸ್ಟೆಲಿಗೆ, ಊಟಕ್ಕೆ, ಕಾಲೇಜಿನವರು ಹೊಲಿಸಲೇಬೇಕೆಂದ ಸೂಟುಕೋಟಿಗೆ ಅಪ್ಪ ಹೊಲವನ್ನು ಲಾವಣಿಗೆ ಹಾಕಿದ. ಅಂದರೆ, ವರ್ಷಗಳ ಗೇಣಿಯನ್ನು ಮುಂಚೆಯೇ ತಗೊಂಡು ಬೇರೆಯವರಿಗೆ ಉಳಲು ಬಿಟ್ಟುಕೊಟ್ಟ. ಹಿಡಿದವರು ಆಂಧ್ರದ ಕಡೆಯಿಂದ ಬಂದು ಕೆನಾಲಿನ ಪಕ್ಕದ ಕ್ಯಾಂಪಿನಲ್ಲಿ ನೆಲೆಸಿ ಭತ್ತ ಬೆಳೆಯುವ ಒಬ್ಬರು. ಬರುವ ಯುಗಾದಿಗೆ ವಾಯಿದೆ ಮುಗಿಯುತ್ತಿತ್ತು. ನನ್ನ ಪಗಾರದಲ್ಲಿ ಬ್ಯಾಂಕಿನ ಕಂತು ನಡೆದರೆ ಹೊಲ ಅಪ್ಪನ ಕೈಗೆ. ಇಲ್ಲದಿದ್ದರೆ ಕಂತಿಗಾಗಿ ಮತ್ತೆ ಲಾವಣಿ. ಯಾವುದೆಂದು ಎಳ್ಳ ಅಮಾವಾಸ್ಯೆಯ ದಿನ ಹೇಳುತ್ತೇನೆಂದು ಅಪ್ಪ ಕ್ಯಾಂಪಿನವರಿಗೆ ಮಾತು ಕೊಟ್ಟಿದ್ದ.

ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದ ಮೊದಲನೆಯವಳು ನಾನು. ಶಹಾಪುರದ ಕಾಲೇಜಿಗೆ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಹೋಗಿ ಡಿಗ್ರಿ ಮುಗಿಸಿದವಳು. ಆ ಹೆಮ್ಮೆ ಇವತ್ತಿಗೂ ಇದೆ, ಯಾರೂ ಕಸಿದುಕೊಳ್ಳಲಾರರು. ಆದರೆ ಅಪ್ಪ ಎಂಬಿಎಯನ್ನು ಕೆನಾಲಿನ ಹಾಗೆ ತಿಳಿದಿದ್ದ. ಮಳೆ ನೋಡಿ ಬಿತ್ತಿದ ಜನ ನಾವು. ಕೆನಾಲು ಬಂದ ಮೇಲೆ, ಒಮ್ಮೆ ತೋಡಿದರೆ ಸಾಕು, ವರ್ಷವೂ ನೀರು ತಾನಾಗಿ ಬರುತ್ತದೆ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತು. ಓದಿಗೂ ತೋಡುವ ಖರ್ಚು ಒಮ್ಮೆ, ಆಮೇಲೆ ಪಗಾರ ಹರಿದು ಬರುತ್ತದೆಂದು ಅವನ ಎಣಿಕೆ. ನನ್ನದೂ ಅದೇ. ಹೂಡಿದ ಹಣ ಎಷ್ಟು ದಿನಕ್ಕೆ ವಾಪಸು ಬರುತ್ತದೆಂದು ಲೆಕ್ಕ ಹಾಕುವುದನ್ನು ಕ್ಲಾಸಿನಲ್ಲಿ ಕಲಿಸಿದಾಗ, ನನ್ನ ಓದಿನ ಮೇಲೆಯೇ ಅದನ್ನು ಹಾಕಿ ನೋಡಿ ಖುಷಿಪಟ್ಟಿದ್ದೆ. ಆ ಲೆಕ್ಕದಲ್ಲಿ ನೌಕರಿ ಇಲ್ಲದ ತಿಂಗಳುಗಳಿಗೆ ಜಾಗವೇ ಇರಲಿಲ್ಲ.

ಅದು ತಿಳಿದದ್ದು ಹೈದರಾಬಾದಿನಲ್ಲಿ, ಬೇರೆ ಕಂಪನಿಗಳಿಗೆ ಸಲಹೆ ಕೊಡುವ ಕನ್ಸಲ್ಟಿಂಗ್ ಕಂಪನಿಗೆ ಸೇರಿದ ಮೇಲೆ. ಅಲ್ಲಿ ಹೆಸರಾಂತ ಸಂಸ್ಥೆಗಳಿಂದ ಬಂದವರಿಗೆ ಮೊದಲು ಪ್ರಾಜೆಕ್ಟು. ನನ್ನ ಕಾಲೇಜು ದುಬಾರಿಯದು, ಹೆಸರಿನದಲ್ಲ. ಫೀಸು ಹೆಚ್ಚೂಕಡಿಮೆ ಅಷ್ಟೇ, ಕಿಮ್ಮತ್ತು ಮಾತ್ರ ಬೇರೆ. ಒಂದು ಸಿಮೆಂಟಿನ ಕಂಪನಿಗೆ, ಒಂದು ಆಸ್ಪತ್ರೆಗೆ ಹೀಗೆ ಮಾಡಿ, ಹಾಗೆ ಮಾಡಿ ಎಂದು ಸ್ಲೈಡು ಮಾಡಿಕೊಟ್ಟೆ. ಕೆಲಸ ಚೆನ್ನಾಗಿಯೇ ಮಾಡಿದೆ. ಆಮೇಲೆ ಪ್ರಾಜೆಕ್ಟು ಬರಲಿಲ್ಲ. ದಿನಾ ಇಸ್ತ್ರಿಯ ಅಂಗಿ ಹಾಕಿಕೊಂಡು ಹೋಗಿ ಕಾಫಿ ಮಶೀನಿನ ಹತ್ತಿರ ನಿಲ್ಲುತ್ತಿದ್ದೆ, ಯಾರಾದರೂ ಕರೆದಾರೆಂದು. ಯಾರೂ ಕರೆಯಲಿಲ್ಲ. ಕೊನೆಗೆ ಮ್ಯಾನೇಜರು ಕರೆದದ್ದು ಹೋಗೆಂದು ಹೇಳಲು.

ಅಮಾವಾಸ್ಯೆಯ ದಿನ ಬುಟ್ಟಿ ಹೊತ್ತು ಹೊಲಕ್ಕೆ ಹೋದೆವು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡಬು, ಶೇಂಗಾ ಹೋಳಿಗೆ. ಊಟಕ್ಕೆ ಮುಂಚೆ ಇವೆಲ್ಲವನ್ನೂ ಕಲೆಸಿ ಬೆಳೆಯ ನಡುವೆ ಚೆಲ್ಲಬೇಕು. ಅದು ಚರಗ, ಭೂಮಿತಾಯಿಯ ಪಾಲು. ಮೊದಲಾಗಿದ್ದರೆ ಎದೆಯುದ್ದ ಜೋಳ ನಿಂತಿರುತ್ತಿತ್ತು. ಈಗ ಎರಡನೇ ಭತ್ತಕ್ಕೆಂದು ನೀರು ಕಟ್ಟಿ ಕೆಸರು ಮಾಡಿ ಬಿಟ್ಟಿದ್ದರು. ಕಾಲಿಡಲು ಒಣ ನೆಲವಿರಲಿಲ್ಲ.

"ತಾಯಿ ಕೆಸರಾಗ ಉಣ್ತಾಳೇನ?" ಅಂದಳು ಅವ್ವ.

"ಉಣ್ತಾಳ. ಹಾಕು," ಅಂದ ಅಪ್ಪ.

ಸುರಪುರದಿಂದ ಊಟಕ್ಕೆ ಬಂದಿದ್ದ ಸೋದರಮಾವ ಬದುವಿನ ಮೇಲೆ ಕುಂಡೆಯೂರಿ ನಕ್ಕ. "ಸಲಹಾ ಕೊಡಾಕಿ ಇಲ್ಲೇ ಅದಾಳಲ್ಲ, ಆಕಿನ್ನ ಕೇಳವಾ. ಮಂದಿ ಕಂಪನಿ ಉದ್ಧಾರ ಮಾಡಾಕಿ, ತನ್ನ ಅಪ್ಪನ ಹೊಲ ಬಿಡಿಸಿಕೊಡವಲ್ಲಳು."

"ನಿನ್ನ ಮಗಾ ಏಳನೇತ್ತಕ್ಕ ಸಾಲಿ ಬಿಟ್ಟಾನ, ಅವ ಎಷ್ಟ್ ಹೊಲ ಬಿಡಿಸ್ಯಾನ ಮಾವ?" ಅಂದೆ.

"ಬಾಯಿ ಮಾತ್ರ ಭಾರಿ ಕಲಿಸ್ಯಾರ ನೋಡು," ಅಂದು ಅವನು ಚರಗಕ್ಕೂ ಕಾಯದೆ ರೊಟ್ಟಿಗೆ ಕೈ ಹಾಕಿದ.

ಅಷ್ಟರಲ್ಲಿ ಹೊಲ ಹಿಡಿದ ಕ್ಯಾಂಪಿನವರು ಬೈಕಿನಲ್ಲಿ ಬಂದರು. ಒಳ್ಳೆಯ ಮನುಷ್ಯರೇ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವ್ವ ಕೊಟ್ಟ ನೀರು ಕುಡಿದು ನನ್ನ ಎದುರು ಕೂತರು.

"ಒಂದು ಮಾತು ಕೇಳಬೇಕಮ್ಮಾ. ನಮ್ಮ ಹುಡುಗಿಯೂ ಎಂಬಿಎ ಅಂತಾಳೆ. ನೀನು ಓದಿದ ಕಾಲೇಜೇ ಬೇಕಂತೆ. ಅಷ್ಟು ದುಡ್ಡು ಹಾಕಿದರೆ ವಾಪಸು ಬರ್ತದಾ? ಇದ್ದದ್ದು ಇದ್ದ ಹಾಗೆ ಹೇಳು."

ಅಪ್ಪ ಬದುವಿನ ಹುಲ್ಲು ಕೀಳುತ್ತಿದ್ದ. ಕೈ ನಿಂತಿತು. ಬರುತ್ತದೆ ಅಂದರೆ ಸುಳ್ಳು. ಬರುವುದಿಲ್ಲ ಅಂದರೆ, ಅವನು ಇಷ್ಟು ವರ್ಷ ಕೊಟ್ಟದ್ದೆಲ್ಲ ಈ ಕೆಸರಿಗೆ ಹಾಕಿದಂತೆ.

"ನೀವು ಕಳಸ್ರಿ," ಅಂದೆ. "ಆಕಿ ವರ್ಷಗಟ್ಟಲೆ ಖಾಲಿ ಕುಂತ್ರೂ ನಿಮ್ಮನ್ಯಾಗ ಒಲಿ ಹತ್ತತೈತಿ. ಕಾಯಾಕ ತಾಕತ್ತಿದ್ದವರಿಗಿ ಆ ಓದು ಫಲಾ ಕೊಡಬಹುದ್ರಿ. ಹೊಲ ಕೊಟ್ಟು ಓದಸೋರು ಕೇಳಿದ್ರ, ಬ್ಯಾಡಂತೀನಿ."

"ಅಂದರೆ ನಿಮ್ಮಪ್ಪ ತಪ್ಪು ಮಾಡಿದರಾ?"

ಅಪ್ಪನೇ ಹೇಳಿದ: "ಅದು ನನ್ನ ಕೇಳ್ರಿ, ಆಕಿನ್ನ ಯಾಕ್ ಕೇಳ್ತೀರಿ? ನಾ ಕೊಟ್ಟೇನಿ. ಇವತ್ತ ಕೇಳಿದ್ರೂ ಕೊಡ್ತೀನಿ." ಅಂಗಿಯ ಜೇಬಿನಿಂದ ಎಲೆ ಅಡಿಕೆ ತೆಗೆದು ಅವರ ಕೈಗಿಟ್ಟ. "ಇನ್ನ ಮೂರು ವರ್ಷ ನೀವ ಹಿಡ್ರಿ."

ಮೂರು ವರ್ಷ. ಬಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದನೆಂದು ಕಾಣುತ್ತದೆ. ಬರುವಾಗಲೇ ಎಲೆ ಅಡಿಕೆ ಜೇಬಿನಲ್ಲಿತ್ತಲ್ಲ.

ಕ್ಯಾಂಪಿನವರು ಎಲೆ ಮಡಿಸಿ ಬಾಯಿಗಿಟ್ಟುಕೊಂಡು ಎದ್ದರು. ಹೋಗುವಾಗ ಅವ್ವನಿಗೆ, "ನಾಡಿದ್ದು ನಾಟಿ ಅಕ್ಕಾ. ಹೆಣ್ಣಾಳು ಕಡಿಮೆ ಇದ್ದಾರೆ, ಮರೀಬೇಡಿ," ಅಂದರು. ನಮ್ಮ ಹೊಲದಲ್ಲೇ ಅವ್ವ ಕೂಲಿಗೆ ಸಸಿ ಹಚ್ಚುತ್ತ ಬಂದಿದ್ದಳು. ಅದು ನನಗೆ ಗೊತ್ತಿತ್ತು. ನನ್ನೆದುರು ಯಾರೂ ಆಡಿರಲಿಲ್ಲ, ಅಷ್ಟೇ.

"ಬರ್ತೀನ್ರಿ," ಅಂದಳು ಅವ್ವ.

"ನಾನೂ ಬರ್ತೀನಿ," ಅಂದೆ. ಚಪ್ಪಲಿ ಬಿಟ್ಟು, ಪ್ಯಾಂಟು ಮೊಣಕಾಲಿನವರೆಗೆ ಮಡಿಸತೊಡಗಿದೆ. ನಾಟಿ ಇವತ್ತೇ ಅನ್ನುವ ಹಾಗೆ.

ಅವ್ವ ಚರಗದ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ನನ್ನ ಕೈ ಹಿಡಿದಳು. ಎಂದೂ ಹಾಗೆ ಬಿಗಿಯಾಗಿ ಹಿಡಿದವಳಲ್ಲ.

"ಚಪ್ಲಿ ಹಾಕ್ಕೊ. ನಿನ್ನ ಕಾಲು ಇದರಾಗ ಇಳೀಬಾರದಂತನ ಇಷ್ಟೆಲ್ಲಾ ಮಾಡೀವಿ. ನೀನೂ ಇಳದಿ ಅಂದ್ರ ನಮ್ಮ ಕಡಿ ಏನ್ ಉಳೀತು ಹೇಳು?"

ಆಮೇಲೆ ಸೀರೆ ಎತ್ತಿ ಕಟ್ಟಿ, ತಾನೇ ಕೆಸರಿಗಿಳಿದು ಚರಗ ಚೆಲ್ಲುತ್ತ ಹೋದಳು. ಹಿಂದೆ ಒಬ್ಬರು ನೀರು ಚಿಮುಕಿಸುತ್ತ ಹೋಗುವುದು ಪದ್ಧತಿ. ಅಲ್ಲಿ ಎಲ್ಲಿ ನೋಡಿದರೂ ನೀರೇ ಇತ್ತು. ತುಂಬಿದ ತಂಬಿಗೆ ಹಿಡಿದುಕೊಂಡು ನಾನು ಬದುವಿನ ಮೇಲೆಯೇ ನಿಂತಿದ್ದೆ, ಚಪ್ಪಲಿ ಹಾಕಿಕೊಂಡು.