ಯಾಕಮ್ಮ ಕೇಳಿದ ರಜೆ ಕೂಲಿ

ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಅಲ್ಲಿ ಹತ್ತೊಂಬತ್ತು ವರ್ಷದಿಂದ ಹಾಸಿಗೆ ಬಟ್ಟೆ ಮಡಚುತ್ತಿದ್ದವಳಿಗೆ ಯಾಕಮ್ಮ ಅಂತ ಅಡ್ಡಹೆಸರು ಬಿದ್ದಿತ್ತು. ಬಿಸಿನೀರು ಯಾಕೆ ನಿಂತಿತು, ಆರನೇ ವಾರ್ಡಿನ ದಿಂಬಿನ ಚೀಲಗಳು ಮಾತ್ರ ಯಾಕೆ ಹಳದಿ ಆಗುತ್ತವೆ ಎಂದು ಶುರುಮಾಡಿದಳೆಂದರೆ ಉತ್ತರ ಸಿಗುವ ತನಕ ಬಿಡುವ ಜಾಯಮಾನವೇ ಅವಳದಲ್ಲ.

ಒಂದು ಬೆಳಿಗ್ಗೆ ಗಡಿಯಾರದ ಪಕ್ಕ ಹೊಸ ಕಾಗದ ಅಂಟಿಸಿದ್ದರು. ಈ ವರ್ಷದಿಂದ ಸಾರ್ವಜನಿಕ ರಜೆ ದಿನ ದುಡಿಸಿದರೆ ದುಪ್ಪಟ್ಟು ಕೂಲಿ ಕೊಡಬೇಕಂತೆ, ಸರ್ಕಾರದ ನಿಯಮ. ಉಳಿದವರು ಓದಿ ಕೆಲಸಕ್ಕೆ ನಿಂತರು. ಯಾಕಮ್ಮನ ತಲೆಗೆ ಹುಳ ಬಿಟ್ಟ ಹಾಗಾಯಿತು. ರೋಗಿಗಳಿಗೆ ರಜೆಯಿಲ್ಲ, ಆದ್ದರಿಂದ ಹಾಸಿಗೆ ಬಟ್ಟೆಗೂ ಇಲ್ಲ. ಅವಳಂತೂ ಒಂದು ರಜೆಯನ್ನೂ ಕಂಡವಳಲ್ಲ. ಹಾಗಾದರೆ ತನಗೆ ರಜೆ ಅನ್ನೋದು ಇದೆಯೋ ಇಲ್ಲವೋ?

ಮೇಲ್ವಿಚಾರಕ, ಅದು ಕಾರ್ಖಾನೆಯವರಿಗೆ ಕಣಮ್ಮ ಎಂದು ಜಾರಿಕೊಂಡ. ಮತ್ತೆ ಇಲ್ಲಿ ಅಂಟಿಸಿದ್ದು ಯಾಕೆ ಎಂದರೆ ಯಂತ್ರ ನೋಡುವ ನೆಪದಲ್ಲಿ ಆಚೆ ಹೋದ. ಪಾಳಿ ಮುಗಿಸಿ ಅವಳು ನೇರ ಕಾರ್ಮಿಕ ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿ ಹೆಂಗಸು ನಿಯಮದ ಪುಸ್ತಕ ತೆಗೆದರು, ಇಬ್ಬರೂ ತಲೆಗೆ ತಲೆ ತಾಗಿಸಿ ಓದಿದರು. ಆ ನಿಯಮದಲ್ಲಿ ಆಸ್ಪತ್ರೆಯೂ ಸೇರಿತ್ತು. ಆ ವರ್ಷ ಆಗಲೇ ಎರಡು ರಜೆ ಕಳೆದಿದ್ದವು.

"ಆ ದಿನ ನೀವು ಕೆಲಸಕ್ಕೆ ಬಂದಿದ್ರಿ ಅನ್ನೋದಕ್ಕೆ ಏನಿದೆ?" ಅಧಿಕಾರಿ ಕೇಳಿದರು.

"ವಾರ್ಡಿನ ಪುಸ್ತಕದಲ್ಲಿ ನನ್ನ ಸಹಿ ಇದೆ ಮೇಡಂ. ಸಹಿ ಹಾಕದೆ ಇದ್ರೆ ನರ್ಸಮ್ಮ ಒಗೆಯೋಕೆ ಒಂದು ಟವೆಲ್ ಕೂಡ ಕೊಡಲ್ಲ."

ಕಚೇರಿಯಿಂದ ಪತ್ರ ಹೋಯಿತು. ತಿಂಗಳೊಳಗೆ ವಿಭಾಗದ ಹದಿನಾಲ್ಕು ಜನಕ್ಕೂ ಬಾಕಿ ಕೂಲಿ ಬಂತು. ಹಿಂದೆಯೇ ಮ್ಯಾನೇಜರು ಅವಳನ್ನು ಕರೆಸಿ, ಇನ್ನು ರಜೆ ದಿನ ಸರದಿಯ ಮೇಲೆ ಅರ್ಧ ಜನ ಸಾಕು, ಮುಂದಿನ ರಜೆಗೆ ನೀವು ಮನೇಲಿರಿ ಎಂದರು. ಇದು ಉಪಕಾರವೋ ಸಿಟ್ಟೋ ಎಂದು ದಾರಿಯುದ್ದಕ್ಕೂ ಯೋಚಿಸಿದರೂ ಅವಳಿಗೆ ಬಗೆಹರಿಯಲಿಲ್ಲ.

ಆ ರಜೆ ದಿನ ಒಂಬತ್ತು ಗಂಟೆಗೆ ಮನೆಯ ಮೆಟ್ಟಿಲ ಮೇಲೆ ಕೂತಳು. ಬೀದಿಯಲ್ಲಿ ಒಂದೂ ಗಾಡಿಯಿಲ್ಲ. ಎದುರುಮನೆಯ ಕ್ಷೌರಿಕ ಹೆಂಡತಿಗೆ ಸೈಕಲ್ ಕಲಿಸುತ್ತಿದ್ದ. ಆಕೆ ಬಿದ್ದಾಗಲೆಲ್ಲ ಬೀದಿಗೆ ಬೀದಿಯೇ ನಗುತ್ತಿತ್ತು, ಆಕೆಯೂ ಸೇರಿ. ಯಾಕಮ್ಮನ ಗಂಡ ಒಳಗಿನಿಂದ ಚಹಾ ತಂದು ಅವಳ ಪಕ್ಕದಲ್ಲಿ ಕೂತ.

"ಪ್ರತಿ ರಜೆಗೂ ಹೀಗೇನಾ?" ಎಂದಳು.

"ಹೂಂ, ಯಾವಾಗಲೂ ಹೀಗೇ," ಎಂದ ಅವನು. ಬೀದಿಯ ಕಡೆ ನೋಡುತ್ತಾ, "ನೀನಿದ್ದಿದ್ರೆ ಅಂತ ಅನ್ನಿಸೋದು," ಎಂದ.

ಅವಳು ಲೋಟ ಕೆಳಗಿಟ್ಟು, ಸೀರೆ ಎತ್ತಿ ಕಟ್ಟಿ ಬೀದಿಗಿಳಿದಳು. ಮಧ್ಯಾಹ್ನದ ಹೊತ್ತಿಗೆ ಸೈಕಲ್ ಮೇಲೆ ಅವಳಿದ್ದಳು. ಹಿಂದೆ ಸೀಟು ಹಿಡಿದು ಗಂಡ ಏದುಸಿರು ಬಿಡುತ್ತಾ ಓಡುತ್ತಿದ್ದ.