ಅರಕಲಗೂಡಿನ ಎಂಬತ್ತೇಳು ಬಸುರಿಯರು

ಹಾಸನದ ಒಂದು ಆರೋಗ್ಯ ಅಧ್ಯಯನ ಸಂಸ್ಥೆಯಲ್ಲಿ ಪ್ರಿಯಂವದಾ ಹದಿನಾಲ್ಕು ವರ್ಷದಿಂದ ಅಂಕಿಅಂಶ ಸಹಾಯಕಿ. ಊರು ಹೊಳೆನರಸೀಪುರ. ಅಜ್ಜ ದೇವಸ್ಥಾನದ ಪರಿಚಾರಕರು, ತಂದೆ ಶಾಲಾ ಮೇಷ್ಟ್ರು. ಮನೆಯಲ್ಲಿ ಮಡಿ ಈಗ ಅಷ್ಟಿಲ್ಲ. ಆದರೂ ಸಂಜೆ ಬಸ್ಸಿಳಿದು ಬಂದವರು ಕೈಕಾಲು ತೊಳೆಯದೆ ಒಳಕ್ಕೆ ಹೋಗುವುದಿಲ್ಲ. ಆಫೀಸಿನಲ್ಲೂ ಅವರದು ಹೆಚ್ಚುಕಡಿಮೆ ತೊಳೆಯುವ ಕೆಲಸವೇ. ಹಳ್ಳಿಗಳಿಂದ ಬರುವ ಮಾಹಿತಿಯನ್ನು ಶುಚಿ ಮಾಡಿ, ಫೈಲಿಗೆ ಫೈಲು ಹೊಂದಿಸಿ, ಲೆಕ್ಕಕ್ಕೆ ಒದಗುವಂತೆ ಮಾಡಿಕೊಡಬೇಕು.

ಬರುವುದು ಎಂಥೆಂಥದೋ. ವಯಸ್ಸಿನ ಕಾಲಂನಲ್ಲಿ ‘ಇಪ್ಪತ್ತಿರಬೌದು’ ಎಂದಿರುತ್ತದೆ. ತೂಕದ ಕಾಲಂನಲ್ಲಿ ‘ನಾಳೆ ನೋಡ್ತೀನಿ’ ಎಂದಿರುತ್ತದೆ. ಒಂದು ಫೈಲಿನಲ್ಲಿ ತಾರೀಖು ಮೊದಲು ಬಂದರೆ ಇನ್ನೊಂದರಲ್ಲಿ ತಿಂಗಳು ಮೊದಲು.

“ಸಾರಲ್ಲಿ ಕೂದಲು ಸಿಕ್ಕ ಹಾಗೆ ಆಗತ್ತೆ ನೋಡಿ,” ಎನ್ನುತ್ತಾರೆ ಪ್ರಿಯಂವದಾ. “ಒಂದು ಸಿಕ್ಕಿತು ಅಂದಮೇಲೆ ಇಡೀ ಪಾತ್ರೆ ಮೇಲೇ ಹೇಸಿಗೆ.”

ಕಳೆದ ವರ್ಷ ಸಂಸ್ಥೆ ಚೊಚ್ಚಲ ಬಸುರಿಯರ ಅಧ್ಯಯನಕ್ಕೆ ಕೈಹಾಕಿತು. ತಾಯಿಯ ರಕ್ತಹೀನತೆಗೂ ಹುಟ್ಟುವ ಮಗುವಿನ ತೂಕಕ್ಕೂ ಏನು ನಂಟು ಎಂದು ನೋಡುವುದು ಉದ್ದೇಶ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ನಾಲ್ಕು ತಾಲ್ಲೂಕು, ತಾಲ್ಲೂಕಿಗೊಬ್ಬಳು ಕಾರ್ಯಕರ್ತೆ. ಏಳನೇ ತಿಂಗಳಲ್ಲಿ ಬಸುರಿಯ ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡಬೇಕು, ಹೆರಿಗೆಯಾದ ಮೇಲೆ ಮಗುವನ್ನು ತೂಗಬೇಕು. ಆದರೆ ಚೊಚ್ಚಲ ಹೆರಿಗೆ ತವರಿನಲ್ಲಿ. ಅರಕಲಗೂಡಿನ ಸೊಸೆ ಹೆರುವುದು ಚನ್ನರಾಯಪಟ್ಟಣದ ಕಡೆಯ ಹಿರೀಸಾವೆಯಲ್ಲಿ, ಇಲ್ಲವೇ ಹಾಸನದ ಕಡೆಯ ಸಾಲಗಾಮೆಯಲ್ಲಿ. ಹಾಗಾಗಿ ತಾಯಿಯನ್ನು ನೋಡುವ ಕಾರ್ಯಕರ್ತೆ ಒಬ್ಬಳಾದರೆ ಮಗುವನ್ನು ತೂಗುವವಳು ಇನ್ನೊಬ್ಬಳು. ತಾಯಂದಿರದು ಒಂದು ಫೈಲು, ಮಕ್ಕಳದು ಒಂದು ಫೈಲು. ಎರಡನ್ನೂ ಜೋಡಿಸಲು ಇದ್ದದ್ದು ಬಸುರಿಯ ಕೈಗೆ ಕೊಟ್ಟ ಹಳದಿ ಕಾರ್ಡಿನ ಆರಂಕಿಯ ಸಂಖ್ಯೆ ಮಾತ್ರ. ಅದರ ಮೊದಲೆರಡು ಅಂಕಿ ತಾಲ್ಲೂಕಿನ ಗುರುತು. ಅರಕಲಗೂಡಿನದು 01.

ಅರಕಲಗೂಡಿಗೆ ಇದ್ದವರು ಕೃಷ್ಣಮ್ಮ. ಐವತ್ತೆರಡು ವರ್ಷ, ಏಳನೇ ಕ್ಲಾಸು, ಒಂದೂವರೆ ಎಕರೆ ಜಮೀನು. ಊರಿನ ಮಹಿಳಾ ಸಂಘದವರೇ ಆಕೆಯ ಹೆಸರು ಕೊಟ್ಟು ಕಳಿಸಿದ್ದರು. ಐದು ತಿಂಗಳಲ್ಲಿ ಎಂಬತ್ತೇಳು ಬಸುರಿಯರನ್ನು ನೋಡಿ ಬರೆದುಕೊಟ್ಟರು.

ಫೈಲುಗಳನ್ನು ಒಟ್ಟು ಮಾಡಿದ್ದು ಹೊಸದಾಗಿ ಸೇರಿದ್ದ ವಿಶ್ಲೇಷಕ ಜಯಂತ್. ಪ್ರಿಯಂವದಾ ಆಗ ಬೇರೊಂದು ಕೆಲಸದಲ್ಲಿದ್ದರು. ಬಂದ ಕೋಷ್ಟಕದಲ್ಲಿ ಉಳಿದ ಮೂರು ತಾಲ್ಲೂಕಿನ ತಾಯಂದಿರಿಗೆಲ್ಲ ಹೆಚ್ಚುಕಡಿಮೆ ಮಕ್ಕಳು ಸಿಕ್ಕಿದ್ದವು. ಅರಕಲಗೂಡಿನ ಎಂಬತ್ತೇಳರಲ್ಲಿ ಒಬ್ಬಳಿಗೂ ಮಗು ಸಿಕ್ಕಿರಲಿಲ್ಲ.

ಸಂಸ್ಥೆಯ ನಿರ್ದೇಶಕ ಗೌರೀಶಂಕರ ಅದನ್ನು ನೋಡಿ ಒಂದೇ ತೀರ್ಮಾನಕ್ಕೆ ಬಂದರು. ಆ ಹೆಂಗಸು ಮರದಡಿ ಕೂತು ಫಾರಂ ತುಂಬಿದ್ದಾಳೆ. ಮೇಲ್ವಿಚಾರಕ ಮಂಜೇಶ್ ಜೀಪಿನಲ್ಲಿ ತನಿಖೆಗೆ ಹೋದ.

ಹನ್ನೊಂದು ಮನೆ ಸುತ್ತಿದ. ಒಂದರಲ್ಲೂ ಬಾಣಂತಿಯಿಲ್ಲ. ಇರುವುದಾದರೂ ಹೇಗೆ, ಹುಡುಗಿಯರೆಲ್ಲ ತವರಿನಲ್ಲಿದ್ದರು. ಮನೆಯಲ್ಲಿದ್ದ ಅತ್ತೆಯರನ್ನು ವಿಚಾರಿಸಿದ. ಕೃಷ್ಣಮ್ಮನ ಊರಿನಲ್ಲೇ ದೊಡ್ಡತಾಯಮ್ಮ ಎಂಬ ಮುದುಕಿಯ ಮನೆಯಲ್ಲಿ ನಡೆದದ್ದನ್ನು ಊರಿನವರು ಇವತ್ತಿಗೂ ಆಡಿಕೊಳ್ಳುತ್ತಾರೆ.

“ಅಜ್ಜೀ, ಈ ಮನೇಲಿ ಬಸುರಿ ಯಾರಾದ್ರೂ ಇದ್ರಾ?”

“ನಮ್ಮನೆ ಬಸ್ರೀರ್ ಸುದ್ದಿ ನಿಂಗ್ಯಾಕ್ಲಾ?”

“ಬರ್ಕೊಂಡು ಹೋಗ್ಬೇಕು, ಅದಕ್ಕೆ.”

“ಯಾರೂ ಇಲ್ಲ, ಓಗು. ನಾನೊಬ್ಳೇ ಇರದು. ಬೇಕಾದ್ರೆ ನನ್ನೇ ಬರ್ಕೊ.”

ಜೀಪಿನಲ್ಲಿ ಬಂದ ಗುರುತಿಲ್ಲದ ಗಂಡಸಿಗೆ ಸೊಸೆಯ ಬಸುರಿನ ಮಾತು ಹೇಳುವ ಅತ್ತೆ ಆ ಕಡೆ ಇಲ್ಲ. ಕಣ್ಣು ಬೀಳುತ್ತದೆ ಎಂಬ ಭಯ ಒಂದು, ಜೀಪಿನವರು ಏನು ಬರೆದುಕೊಂಡು ಹೋಗಿ ಏನು ಮಾಡುತ್ತಾರೋ ಎಂಬ ಭಯ ಇನ್ನೊಂದು. ಹನ್ನೊಂದು ಮನೆಯಲ್ಲೂ ಅದೇ ಉತ್ತರ ಸಿಕ್ಕಿತು. ಮಂಜೇಶ್ ಅದನ್ನು ಹಾಗೆಯೇ ವರದಿ ಮಾಡಿದ.

ವಾರದಲ್ಲಿ ಪತ್ರ ಹೊರಟಿತು. ‘ಇಲ್ಲದ ಗರ್ಭಿಣಿಯರ ಹೆಸರು ಬರೆದು ಸಂಸ್ಥೆಗೆ ವಂಚಿಸಿದ್ದರಿಂದ ಕೆಲಸದಿಂದ ತೆಗೆಯಲಾಗಿದೆ.’ ಹೆಸರು ಸೂಚಿಸಿದ್ದು ಸಂಘವಾದ್ದರಿಂದ ಮಂಜೇಶ್ ಅದನ್ನು ಸಂಘದ ಸಭೆಯಲ್ಲೇ ನಿಂತು ಓದಿದ. ಕೃಷ್ಣಮ್ಮ ಎರಡನೇ ಸಾಲಿನಲ್ಲಿ ಕೂತಿದ್ದರು.

ನಾಲ್ಕು ದಿನದ ಮೇಲೆ ಅವರು ಹಾಸನದ ಆಫೀಸಿಗೆ ಬಂದರು. ಗೌರೀಶಂಕರ ಒಳಗೆ ಬಿಟ್ಟುಕೊಳ್ಳಲಿಲ್ಲ. ಕಾರಿಡಾರಿನಲ್ಲಿ ಸಿಕ್ಕ ಪ್ರಿಯಂವದಾರ ಮುಂದೆ ಕೃಷ್ಣಮ್ಮ ಬಟ್ಟೆ ಚೀಲ ಬಗ್ಗಿಸಿ ತೋರಿಸಿದರು. ಬಸುರಿಯರಿಗೆ ಕೊಟ್ಟ ಎಂಬತ್ತೇಳು ಕಾರ್ಡುಗಳಿಂದ ಹರಿದಿಟ್ಟುಕೊಂಡ ಅರ್ಧ ಭಾಗ, ಹತ್ತು ಹತ್ತಕ್ಕೆ ಒಂದೊಂದು ರಬ್ಬರ್ ಬ್ಯಾಂಡ್.

“ಎಂಬತ್ತೇಳು ಮನೆ ಬಾಗ್ಲು ತಟ್ಟಿದ್ದೀನಿ ಅಮ್ಮಾರೆ. ಬೆಳ್ಳು ಚುಚ್ಚಿದ್ದೀನಿ. ಈಗ ನನ್ನ ಕಂಡ್ರೆ ಬಾಗ್ಲಾಕ್ಕತಾರೆ. ಬಸ್ರೀರ್ ಎಸ್ರೆಲ್ಲಾ ಸುಳ್ಳು ಅಂದ್ಮೇಕೆ ಆ ರಕ್ತ ಎಲ್ಲೋಯ್ತು, ಯಾರಿಗ್ ಮಾರ್ದೆ ಕೃಷ್ಣವ್ವ ಅಂತಾರೆ. ಊರಲ್ಲಿ ಎಂಗಿರ್ಲಿ ನಾನು?”

“ನೋಡ್ತೀನಿ,” ಎಂದರು ಪ್ರಿಯಂವದಾ. ಆ ದಿನ ತಾವೂ ಆಕೆಯನ್ನು ನಂಬಿರಲಿಲ್ಲ ಎಂದು ಈಗ ಒಪ್ಪುತ್ತಾರೆ. ರಬ್ಬರ್ ಬ್ಯಾಂಡ್ ಹಾಕಿದವರೆಲ್ಲ ಸಾಚಾ ಏನಲ್ಲವಲ್ಲ ಎಂದುಕೊಂಡಿದ್ದರಂತೆ.

ಮರುದಿನ ಜಯಂತ್ ಮಾಡಿದ್ದ ಕೆಲಸವನ್ನು ತೆರೆದು ಸಾಲುಸಾಲಾಗಿ ನೋಡಿದರು. ಅರ್ಧ ಗಂಟೆಯೂ ಬೇಕಾಗಲಿಲ್ಲ. ಮೂರು ತಾಲ್ಲೂಕಿನ ತಾಯಂದಿರ ಫೈಲಿನಲ್ಲಿ ಕಾರ್ಡಿನ ಕಾಲಂ ಅಕ್ಷರದ ರೂಪದಲ್ಲಿತ್ತು. ಅರಕಲಗೂಡಿನದರಲ್ಲಿ ಮಾತ್ರ ಅಂಕಿಯ ರೂಪದಲ್ಲಿತ್ತು. ಎರಡು ರೂಪದ ಕಾಲಂಗಳನ್ನು ಒಂದರ ಕೆಳಗೊಂದು ಸೇರಿಸಲು ತಂತ್ರಾಂಶ ಒಪ್ಪುವುದಿಲ್ಲ, ಕೆಂಪಕ್ಷರದಲ್ಲಿ ತಡೆಯುತ್ತದೆ. ಬಲವಂತ ಮಾಡು ಎಂದು ಆಜ್ಞೆ ಕೊಟ್ಟರೆ ಸೇರಿಸುತ್ತದೆ, ಹೊಂದದ ಕಾಲಂ ಅನ್ನು ಖಾಲಿ ಬಿಟ್ಟು. ಅರಕಲಗೂಡಿನ ಎಂಬತ್ತೇಳು ಹೆಂಗಸರ ಕಾರ್ಡ್ ಸಂಖ್ಯೆ ಆ ಒಂದು ಆಜ್ಞೆಗೆ ಅಳಿಸಿಹೋಗಿತ್ತು. ಸಂಖ್ಯೆಯಿಲ್ಲದ ತಾಯಿಗೆ ಮಗು ಎಲ್ಲಿಂದ ಸಿಗಬೇಕು?

ಮಕ್ಕಳೇನೂ ಮಾಯವಾಗಿರಲಿಲ್ಲ. ಎಂಬತ್ತೊಂದು ಮಕ್ಕಳು, ತೂಕ ತಾರೀಖು ಸಮೇತ, ತಾಯಿ ಹೊಂದದ ಮಕ್ಕಳಿಗೆಂದು ಮಾಡಿದ್ದ ‘ಹೊರಗಿನವರು’ ಎಂಬ ಬೇರೆ ಫೈಲಿನಲ್ಲಿ ಬಿದ್ದಿದ್ದವು. ಎಲ್ಲದರ ಸಂಖ್ಯೆಯೂ 01ರಿಂದಲೇ ಶುರು.

ಪ್ರಿಯಂವದಾ ಜಯಂತನನ್ನು ಕರೆದರು.

“ಕೆಂಪಕ್ಷರ ಬಂದಿತ್ತಲ್ಲಪ್ಪ?”

“ಬಂದಿತ್ತು ಮೇಡಂ. ಫೋರ್ಸ್ ಅಂತ ಕೊಟ್ಟೆ. ಓಡ್ತು.”

“ಓಡ್ತು. ಎಲ್ಲಿಗೆ ಓಡ್ತು?”

ಪ್ರಿಯಂವದಾ ಪರದೆಯ ಖಾಲಿ ಕಾಲಂ ಮೇಲೆ ಬೆರಳಿಟ್ಟರು.

“ಎಂಬತ್ತೇಳು ಜನ ಬಸುರಿಯರಲ್ಲಿ ಒಬ್ಬಳೂ ಹೆರಲಿಲ್ಲ ಅಂದಾಗ ಅನುಮಾನ ಬರಲಿಲ್ವಾ ನಿನಗೆ?”

“ಬಂತು ಮೇಡಂ. ಫೀಲ್ಡ್‌ನಲ್ಲಿ ಓಡಾಡೋರ ಮೇಲೆ ಬಂತು.”

ಆ ಮಾತನ್ನು ಹೇಳುವಾಗ ಪ್ರಿಯಂವದಾ ಈಗಲೂ ಮುಖ ಕಿವುಚುತ್ತಾರೆ. ಮೂರು ದಿನ ಆ ಹುಡುಗನ ಮುಖ ನೋಡಲು ಆಗಲಿಲ್ಲವಂತೆ. ಯಂತ್ರ ಬೇಡ ಎಂದು ತಡೆದರೂ ಕೇಳದವನಿಗೆ, ಬಿಸಿಲಲ್ಲಿ ನಡೆದ ಹೆಂಗಸಿನ ಮೇಲೆ ಎಷ್ಟು ಸಲೀಸಾಗಿ ಅನುಮಾನ ಬಂತಲ್ಲ ಎಂಬ ಅಸಹ್ಯ.

ನಾಲ್ಕನೇ ದಿನ ಒಂದು ಪ್ರಶ್ನೆ ಉಳಿದಿತ್ತು. ಅರಕಲಗೂಡಿನ ಕಾಲಂ ಮಾತ್ರ ಅಂಕಿಯಾದದ್ದು ಯಾಕೆ? ಹಳೆಯ ಪ್ರತಿಗಳನ್ನು ಒಂದೊಂದಾಗಿ ತೆಗೆದರು. ಮೊದಲ ಪ್ರತಿಯಲ್ಲಿ ಕಾರ್ಡ್ ಸಂಖ್ಯೆ 010046 ಸರಿಯಾಗಿಯೇ ಇತ್ತು. ಎರಡನೆಯದರಲ್ಲಿ ಅದು 10046. ನಡುವೆ ಯಾರೋ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ್ದರು. ಹಾಗೆ ತೆರೆದರೆ ಎಡಗಡೆಯ ಸೊನ್ನೆ ಬಿದ್ದುಹೋಗುತ್ತದೆ, ಕಾಲಂ ಅಂಕಿಯಾಗುತ್ತದೆ. ಅದು ಆ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಉಳಿಸಿದವರ ಹೆಸರು ಪಕ್ಕದಲ್ಲೇ ಇತ್ತು. ಪ್ರಿಯಂವದಾ.

ಒಂದು ಶುಕ್ರವಾರ, ಹೆಸರುಗಳು ಪೂರ್ತಿ ಕಾಣುತ್ತಿಲ್ಲವೆಂದು ಕಾಲಂ ಅಗಲ ಮಾಡಲು ತೆರೆದದ್ದು ಅವರಿಗೆ ನೆನಪಾಯಿತು. ಅಷ್ಟೇ ಮಾಡಿದ್ದು. ಎದ್ದು ಹೋಗಿ ಬಚ್ಚಲಲ್ಲಿ ಕೈ ತೊಳೆದುಕೊಂಡು ಬಂದರು. ಮತ್ತೆ ಹೋಗಿ ತೊಳೆದರು.

ಸರಿಮಾಡುವುದು ಹತ್ತು ನಿಮಿಷದ ಕೆಲಸವಾಯಿತು. ಅಂಕಿಯನ್ನು ಅಕ್ಷರ ಮಾಡಿ, ಎಡಕ್ಕೆ ಸೊನ್ನೆ ತುಂಬಿ ಆರಂಕಿಗೆ ತಂದು, ಮತ್ತೆ ಜೋಡಿಸಿದರು. ಎಂಬತ್ತೊಂದು ತಾಯಂದಿರಿಗೆ ಮಕ್ಕಳು ಸಿಕ್ಕವು. ಉಳಿದ ಆರರಲ್ಲಿ ನಾಲ್ವರ ತವರು ಜಿಲ್ಲೆಯಾಚೆ ಪಿರಿಯಾಪಟ್ಟಣದ ಕಡೆ. ಇಬ್ಬರ ಮಕ್ಕಳು ಉಳಿದಿರಲಿಲ್ಲ.

ಹಳೆಯ ಹೊಸ ಎರಡೂ ಕೋಷ್ಟಕ, ಎಂಬತ್ತೇಳು ಹೆಸರಿನ ಪಟ್ಟಿ ಹಿಡಿದು ಗೌರೀಶಂಕರರ ಕೋಣೆಗೆ ಹೋದರು. ತಮ್ಮ ಶುಕ್ರವಾರದ ಕೆಲಸವನ್ನೂ ಹೇಳಿದರು. ಗೌರೀಶಂಕರ ಚಹಾ ಕುಡಿಯುತ್ತಿದ್ದರು.

“ಸರಿಹೋಯ್ತಲ್ಲ, ಬಿಡಿ. ವರದಿಗೆ ಹೊಸ ಟೇಬಲ್ ಸೇರಿಸೋಣ. ಆಯಮ್ಮನಿಗೆ ಮುಂದಿನ ತಿಂಗಳಿಂದ ಬರೋಕೆ ಹೇಳಿ.”

“ಆ ಪತ್ರ, ಸರ್?”

“ಯಾವ ಪತ್ರ?”

“ವಂಚಕಿ ಅಂತ ಬರೆದು ಸಭೇಲಿ ಓದಿಸಿದ್ದು.”

“ಅದನ್ನ ವಾಪಸ್ ತಗೊಂಡ್ರೆ ಇಡೀ ವರದಿ ಮೇಲೇ ಅನುಮಾನ ಬರತ್ತೆ ಮೇಡಂ. ನಿಮ್ಮ ಹೆಸರೂ ಬರತ್ತೆ. ತಾಂತ್ರಿಕ ದೋಷ ಅಂತ ಅಡಿಟಿಪ್ಪಣಿಯಲ್ಲಿ ಒಂದು ಸಾಲು ಹಾಕಿ, ಸಾಕು.”

ಅವರು ಅದ್ದಿದ್ದ ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು. ಎರಡು ಬೆರಳು ಇಳಿಬಿಟ್ಟು ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡರು, ಬೆರಳನ್ನು ಮೇಜಿನ ಮೇಲಿದ್ದ ಎಂಬತ್ತೇಳು ಹೆಸರಿನ ಪಟ್ಟಿಗೆ ಒರೆಸಿದರು. ಪ್ರಿಯಂವದಾ ಆ ಪಟ್ಟಿ ತೆಗೆದುಕೊಳ್ಳದೆ ಹೊರಗೆ ಬಂದರು, ಬೇರೆ ಪ್ರತಿ ಮುದ್ರಿಸಿಕೊಂಡರು.

ಸಂಘದ ಸಭೆ ಶನಿವಾರ ಮಧ್ಯಾಹ್ನ. ರಜೆ ಹಾಕಿ ಅರಕಲಗೂಡಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಕೃಷ್ಣಮ್ಮನ ಊರು ತಲುಪಿದರು. ಕೃಷ್ಣಮ್ಮ ಕೊಟ್ಟಿಗೆ ಗುಡಿಸುತ್ತಿದ್ದರು. ಪ್ರಿಯಂವದಾ ನಡೆದದ್ದನ್ನೆಲ್ಲ ಹೇಳಿ, ಬರೆದು ತಂದಿದ್ದ ಕಾಗದ ಓದಿದರು. ‘ತಾಂತ್ರಿಕ ದೋಷದಿಂದಾಗಿ ಶ್ರೀಮತಿ ಕೃಷ್ಣಮ್ಮನವರ ಮೇಲೆ ತಪ್ಪು ಆರೋಪ ಬಂದಿರುತ್ತದೆ.’

ಕೃಷ್ಣಮ್ಮ ಪೊರಕೆ ಕೆಳಗಿಡಲಿಲ್ಲ.

“ತಾಂತ್ರಿಕ ದೋಸ ಅಂದ್ರೆ ಯಾರು?”

“ಯಾರೂ ಅಲ್ಲ. ಕಂಪ್ಯೂಟರ್ ಕೆಲಸದಲ್ಲಿ…”

“ನನ್ ಕಾಗ್ದದಲ್ಲಿ ನನ್ನೆಸ್ರಿತ್ತಲ್ಲ ಅಮ್ಮಾರೆ. ಇದ್ರಲ್ಲಿ ಯಾರ್ದೂ ಇಲ್ಲ.”

ಪ್ರಿಯಂವದಾ ಜಗಲಿಯ ಮೇಲೆ ಕೂತು ಆ ಸಾಲು ಹೊಡೆದುಹಾಕಿದರು. ‘ಪ್ರಿಯಂವದಾ ಎಂಬ ನಾನು ಫೈಲು ಕೆಡಿಸಿದೆ. ಜಯಂತ್ ಎಂಬುವರು ಎಚ್ಚರಿಕೆ ನೋಡಿಯೂ ಮುಂದುವರಿಸಿದರು. ನಿರ್ದೇಶಕರು ವಿಚಾರಿಸದೆ ಪತ್ರ ಬರೆಸಿದರು. ಕೃಷ್ಣಮ್ಮನವರು ಬರೆದ ಎಂಬತ್ತೇಳು ಹೆಸರೂ ನಿಜ.’ ಸಂಸ್ಥೆಯ ಮೊಹರಿಲ್ಲ, ತಮ್ಮ ಸಹಿ ಮಾತ್ರ.

ಸಮುದಾಯ ಭವನದಲ್ಲಿ ಮೂವತ್ತು ಹೆಂಗಸರಿದ್ದರು. ತವರಿಂದ ವಾಪಸಾದ ಇಬ್ಬರು ಸೊಸೆಯರು ಮಗು ಎತ್ತಿಕೊಂಡು ಬಂದಿದ್ದರು. ಪ್ರಿಯಂವದಾ ನಿಂತು ಓದಿದರು.

ಮುಗಿದ ಮೇಲೆ ಮೊದಲು ಬಾಯಿಬಿಟ್ಟವರು ದೊಡ್ಡತಾಯಮ್ಮ. “ಜೀಪ್ನೋನಿಗೆ ಯಾರೂ ಇಲ್ಲ ಅಂದೋಳು ನಾನೇ ಕಣವ್ವ. ಕಂಡ್‌ಕಂಡೋರ್ಗೆಲ್ಲ ಏಳಕ್ಕಾಯ್ತದಾ? ಇವ್ಳ್ ತಲೆ ಮೇಲೆ ಬತ್ತದೆ ಅಂತ ನಂಗೇನ್ ಗೊತ್ತು.”

“ಅವತ್ತು ಕಾಗ್ದ ಓದ್ದಾಗ ನೀನಿಲ್ಲೇ ಕುಂತಿದ್ದೆ ಅಜ್ಜಿ,” ಎಂದರು ಕೃಷ್ಣಮ್ಮ. “ಬಾಯಿಗೆ ಅಡ್ಕೆ ತುರುಕ್ಕೊಂಡಿದ್ಯಾ?”

ಯಾರೂ ನಗಲಿಲ್ಲ. ಸಂಘದ ಕಾರ್ಯದರ್ಶಿ ಮಾನಸಾ ಕಾಗದವನ್ನು ನಡಾವಳಿ ಪುಸ್ತಕಕ್ಕೆ ಅಂಟಿಸಿದಳು. ಮೂವತ್ತು ಜನವೂ ಕೆಳಗೆ ಸಹಿ, ಹೆಬ್ಬೆಟ್ಟು ಹಾಕಿದರು. ಕೃಷ್ಣಮ್ಮ ಪುಸ್ತಕ ಈಸಿಕೊಂಡು ಒಂದೊಂದು ಸಹಿಯನ್ನೂ ಎಣಿಸಿದರು.

ಬಸ್ಸಿನವರೆಗೆ ಕೃಷ್ಣಮ್ಮ ಜೊತೆಗೆ ಬಂದರು. ಮುಂದಿನ ತಿಂಗಳಿಂದ ಕೆಲಸಕ್ಕೆ ಬರುವಂತೆ ಹೇಳಿದ್ದಾರೆ ಎಂದು ಪ್ರಿಯಂವದಾ ತಿಳಿಸಿದರು.

“ಆ ಮೆಟ್ಲು ಅತ್ತಕ್ಕೆ ಏಸ್ಗೆ ಆಯ್ತದೆ ಅಮ್ಮಾರೆ. ಒಲ್ಲೆ.”

“ನನಗೂ ಆಗತ್ತೆ.”

“ಅಂಗಾರೆ ನೀವ್ಯಾಕೆ ಓಯ್ತೀರಿ?”



“ಹಳೇ ಅಧ್ಯಯನಗಳ ಫೈಲುಗಳು ಇನ್ನೂ ಇವೆ ಕೃಷ್ಣಮ್ಮ. ಹದಿನಾಲ್ಕು ವರ್ಷದ್ದು. ಅವುಗಳಲ್ಲೂ ನನ್ನ ಕೈ ಆಡಿದೆ. ಯಾರ್ಯಾರನ್ನ ಕೆಲಸದಿಂದ ತೆಗೆದಿದ್ರೋ, ನೋಡ್ಬೇಕು.”