ಬದನೆಕಾಯಿ ಬಿಟ್ಟ ಅಕ್ಕ

ನನಗೂ ಅಕ್ಕನಿಗೂ ಸಂಧಿವಾತ ಅಂಟಿಕೊಂಡದ್ದು ಹೆಚ್ಚುಕಡಿಮೆ ಒಂದೇ ಸಮಯದಲ್ಲಿ. ನಾನು ಚಾಮರಾಜನಗರದಲ್ಲಿ ಶಾಲೆಯ ಮೇಡಂ, ಅವಳು ಗುಂಡ್ಲುಪೇಟೆ ಪಕ್ಕದ ಹಳ್ಳಿಯಲ್ಲಿ ಬೇಸಾಯದವಳು. ನನಗೆ ಬೆಳಗಿನ ಹೊತ್ತು ಬೆರಳು ಬಿಗಿಯುತ್ತಿತ್ತು, ಅಷ್ಟೇ. ಮಾತ್ರೆ ನುಂಗಿದ ಮೇಲೆ ಅದೂ ಇಳಿಯಿತು. ಇಳಿದದ್ದಕ್ಕೆ ನನ್ನ ಶಿಸ್ತೇ ಕಾರಣವೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ವಾಕಿಂಗ್ ತಪ್ಪಿಸುವುದಿಲ್ಲ, ಬದನೆಕಾಯಿ ಮುಟ್ಟುವುದಿಲ್ಲ! ಪಾಠ ಹೇಳುವವರಿಗೆ ಉಪದೇಶ ಸೀನಿನ ಹಾಗೆ, ತಡೆದರೂ ನಿಲ್ಲುವುದಿಲ್ಲ.

"ಬದ್ನೆಕಾಯಿ ವಾಯು ಕಣಕ್ಕ, ಅದ್ಕೇ ನಿನ್ ಕೈ ಊದ್ಕಳದು. ನನ್ ನೋಡು," ಎಂದು ವಾರಕ್ಕೊಮ್ಮೆ ಫೋನಿನಲ್ಲಿ ಕೊರೆಯುತ್ತಿದ್ದೆ. ಬದನೆಕಾಯಿ ಎಣ್ಣೆಗಾಯಿ ಇಲ್ಲದೆ ಅವಳಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೂ, "ಆಯ್ತು ಬುಡು, ತಿನ್ನಕಿಲ್ಲ" ಎಂದಳು.

ಆರು ತಿಂಗಳ ಮೇಲೆ ಅವಳ ಮನೆಗೆ ಹೋದೆ. ಅಕ್ಕ ಕಟ್ಟಿದ ಮುದ್ದೆಯೆಂದರೆ ನೆಲದ ಮೇಲೆ ಉರುಳಬೇಕು, ಅಷ್ಟು ಗುಂಡಗೆ. ಅವತ್ತು ತಟ್ಟೆಗೆ ಬಿದ್ದದ್ದು ಸೌಟಿನಲ್ಲಿ ತೋಡಿ ಹಾಕಿದ ಹಿಟ್ಟು.

"ಏನಕ್ಕ, ಮುದ್ದೆಗೂ ಕೀಲುನೋವಾ?" ಎಂದು ನಕ್ಕೆ. ಅವಳೂ ನಕ್ಕಳು, ಬಲಗೈಯನ್ನು ಮಾತ್ರ ಸೆರಗಿನಿಂದ ಈಚೆ ತೆಗೆಯಲಿಲ್ಲ. ಹಿಡಿದೆಳೆದು ನೋಡಿದೆ. ಎರಡು ಬೆರಳು ಓರೆಯಾಗಿ ನಿಂತಿದ್ದವು.

ತನ್ನ ಡಾಕ್ಟರು ಬರೆದ ಮಾತ್ರೆ ಬಿಟ್ಟು, ನಾನು ಹಿಂದೊಮ್ಮೆ ಅಲ್ಲಿ ಮರೆತುಬಂದಿದ್ದ ಔಷಧಿ ಚೀಟಿ ತೋರಿಸಿ ನನ್ನ ಮಾತ್ರೆ ತರಿಸಿಕೊಂಡು ನುಂಗುತ್ತಿದ್ದಳಂತೆ. "ಒಂದೇ ಒಟ್ಟೇಲಿ ಉಟ್ಟಿದ್ದೀವಿ. ನಿಂಗ್ ಆಗಿದ್ದು ನಂಗ್ಯಾಕಾಗಕಿಲ್ಲ?"

ಮಾರನೆಯ ದಿನವೇ ನನ್ನ ಡಾಕ್ಟರ ಮುಂದೆ ಕೂರಿಸಿದೆ. ಅವರು ಇಬ್ಬರ ರಿಪೋರ್ಟನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. "ಅಕ್ಕತಂಗಿಯರಾದರೂ ಜೀನ್‌ಗಳು ಒಂದೇ ಥರ ಬಂದಿರಲ್ಲ. ಅದೊಂದೇ ಕಾರಣ ಅಂತಲೂ ಅಲ್ಲ. ಆದರೆ ಇವರದು ಮೂಳೆ ಸವೆಸೋ ಜೋರು ಕಾಯಿಲೆ, ನಿಮ್ಮದು ಸಾಧು. ನಿಮ್ಮ ಮಾತ್ರೆ ಇವರಿಗೆ ಸಾಲಲ್ಲ."

"ಮತ್ತೆ ನಾನು ಬದನೆಕಾಯಿ ಬಿಟ್ಟಿದ್ದು?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಮೇಡಂ."

ಓರೆಯಾದ ಬೆರಳು ಇನ್ನು ನೆಟ್ಟಗಾಗುವುದು ಕಷ್ಟ, ಉಳಿದ ಎಂಟನ್ನು ಕಾಪಾಡಿಕೊಳ್ಳೋಣ ಎಂದು ಬೇರೆ ಔಷಧಿ ಬರೆದರು. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಬಸ್ ಸ್ಟ್ಯಾಂಡಿನಲ್ಲಿ ಅಕ್ಕನೇ ನನ್ನ ಬೆನ್ನು ಸವರಿದಳು, ಅದೇ ಕೈಯಲ್ಲಿ. "ಅವ್ವನ್ ಒಟ್ಟೇಲಿ ಒಳ್ಳೇದ್ನೆಲ್ಲ ನೀನೇ ಬಾಚ್ಕಂಡ್ಬುಟ್ಟೆ ಕಣಮ್ಮಿ. ಓಗ್ಲಿ, ಬದ್ನೆಕಾಯಾದ್ರೂ ನಂಗ್ ಬುಡು."

ಅವತ್ತು ಎಣ್ಣೆಗಾಯಿ ನಾನೇ ಮಾಡಿದೆ, ಮುದ್ದೆಯನ್ನೂ ಕಟ್ಟಿದೆ. ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಹೇಳಿದಳು:

"ಅತ್ತ್ ಬೆರ್ಳೂ ನೆಟ್ಗವೆ ನಿಂಗೆ. ಮುದ್ದೆ ನೋಡು, ಸೊಟ್ಟಗದೆ!"